ಹಿಂದಕ್ಕೆ ಹರಿಯುವ ಹೊಳೆ

ನನ್ನ ತಂಗಿಗೆ ಹರವೆಯಿಂದ ಬಂದ ಸಂಬಂಧವನ್ನು ಮುರಿದವನು ನಾನೇ. ಐವತ್ತರ ದಶಕದ ಮೊದಲಲ್ಲಿ ತೆರಕಣಾಂಬಿಯಲ್ಲಿ ಮೇಷ್ಟರಾಗಿದ್ದೆ. ಭೂಗೋಳ ಪಾಠ ಹೇಳುತ್ತಿದ್ದುದರಿಂದ ಜಗತ್ತೆಲ್ಲ ನನಗೆ ಗೊತ್ತೆಂಬ ಜಂಬ. ಮೇಲಾಗಿ ಹುಟ್ಟಾ ಅನುಮಾನದವನು. ಹುಡುಗ ಬಂದು ನೋಡಿಹೋದಾಗಿನಿಂದ ತಂಗಿ ಕೆಲಸ ಮಾಡುತ್ತಾ ಹಾಡಿಕೊಳ್ಳುತ್ತಿದ್ದಳು. ಅದನ್ನೂ ಅನುಮಾನದಿಂದಲೇ ನೋಡಿದೆ.

ಹುಡುಗ ಯುದ್ಧ ಮುಗಿದ ಹೊಸದರಲ್ಲಿ ಪಟಾಲಮ್ಮಿನ ಜೊತೆ ಸುಮಾತ್ರಾದ ಪಾಲೆಂಬಾಂಗ್ ಊರಿನಲ್ಲಿದ್ದು ಬಂದವನು. ಅಪ್ಪ, ನಾನು ಅವರ ಮನೆ ನೋಡಲು ಹೋದಾಗ, ಅಡುಗೆ ಆಗುವವರೆಗೆ ಆ ಊರಿನ ಮಾತು ತೆಗೆದ. ಮೂಸಿ ಎಂಬ ದೊಡ್ಡ ಹೊಳೆ ಊರನ್ನು ಎರಡು ಪಾಲು ಮಾಡಿದೆಯಂತೆ. ಎಷ್ಟೋ ಹಿಂದೆ ಚೋಳರು ಹಡಗಿನಲ್ಲಿ ಹೋಗಿ ಆ ಊರನ್ನು ಸೂರೆ ಮಾಡಿದ್ದರಂತೆ. ಆಮೇಲೆ ಸುಲ್ತಾನರ ಕಾಲದಲ್ಲಿ ಪರದೇಶದ ವ್ಯಾಪಾರಿಗಳಿಗೆ ನೆಲದ ಮೇಲೆ ಮನೆ ಕಟ್ಟಲು ಬಿಡುತ್ತಿರಲಿಲ್ಲವಂತೆ. ಅವರು ತೆಪ್ಪದ ಮೇಲೆ ಮನೆ ಕಟ್ಟಿ ದಡದ ಕಂಬಕ್ಕೆ ಬಿಗಿದುಕೊಂಡರಂತೆ. ಅಂಥ ಮನೆಗಳು ಈಗಲೂ ಇವೆಯಂತೆ. ಅವುಗಳಲ್ಲಿ ಒಲೆ ಎಲ್ಲಿ, ಮಲಗುವ ಚಾಪೆ ಎಲ್ಲಿ ಎಂದೂ ಹೇಳಿದ. ಇವನಿಗೆ ಇಷ್ಟು ಒಳಗಿನ ವಿವರ ಹೇಗೆ ಗೊತ್ತು? ಅಲ್ಲೊಬ್ಬಳನ್ನು ಕಟ್ಟಿಕೊಂಡಿದ್ದನೇನೋ ಎಂಬ ಹುಳ ನನ್ನ ತಲೆಗೆ ಹೊಕ್ಕಿತು. ಕೇಳಿಯೇಬಿಟ್ಟೆ. ಆ ಮನೆಗಳಿಗೆ ಮೀನು ಕೊಳ್ಳಲು ಹೋಗುತ್ತಿದ್ದೆ ಎಂದ.

ಎಲೆ ಹಾಕಿದರು. ನಮ್ಮಲ್ಲಿ ಗಂಡಿನ ಮನೆಯಲ್ಲಿ ಊಟ ಮಾಡಿದರೆ ಸಂಬಂಧ ಒಪ್ಪಿದಂತೆ. ಅಪ್ಪ ಆಗಲೇ ಕೂತಿದ್ದರು.

"ಆ ಹೊಳೆ ದಿನಾ ಒಂದೊತ್ತು ಹಿಂದಕ್ಕೂ ಹರೀತದೆ ಮೇಷ್ಟ್ರೆ" ಅಂದ ಹುಡುಗ.

ನಾನು ಕಂಡ ಹೊಳೆ ಗುಂಡ್ಲುಹೊಳೆ. ಮಳೆ ಬಂದರೆ ತಗ್ಗಿಗೆ ಹರಿಯುವುದು, ಬೇಸಗೆಯಲ್ಲಿ ಬರೀ ಮರಳು. ಇದು ಸುಳ್ಳಾದರೆ ಮೀನಿನ ಮಾತೂ ಸುಳ್ಳೇ ಎಂದುಕೊಂಡು ಅಪ್ಪನ ರಟ್ಟೆ ಹಿಡಿದೆ.

"ಏಳಪ್ಪ, ಓಗನ."

ಹುಡುಗ ನೀರಿನ ಚೊಂಬು ಹಿಡಿದು ನಿಂತೇ ಇದ್ದ.

ಎರಡು ವರ್ಷದ ಮೇಲೆ, ಬೇಸಗೆ ರಜೆಯಲ್ಲಿ, ಗುಂಡ್ಲುಪೇಟೆಯ ಈರುಳ್ಳಿ ಲಾರಿ ಹತ್ತಿ ಕಲ್ಲಿಕೋಟೆ ನೋಡಲು ಹೋದೆ. ಕಲ್ಲಾಯಿ ಹೊಳೆಯ ಸೇತುವೆಯ ಕೆಳಗೆ ಮರದ ದಿಮ್ಮಿಗಳು ಸಮುದ್ರದ ಕಡೆಯಿಂದ ಒಳನಾಡಿಗೆ ತೇಲಿಹೋಗುತ್ತಿದ್ದವು. ಕಡಲು ಉಬ್ಬಿದಾಗ ಹೊಳೆ ಹೀಗೇ ಎಂದ ಡ್ರೈವರ್, ಇದೇನು ದೊಡ್ಡ ವಿಷಯ ಎಂಬಂತೆ. ಭರತ ಇಳಿತದ ಪಾಠವನ್ನು ಮಕ್ಕಳಿಗೆ ಉರು ಹೊಡೆಸಿದವನು ನಾನು. ಅದು ಹೊಳೆಯೊಳಕ್ಕೂ ನುಗ್ಗುತ್ತದೆಂದು ಯೋಚಿಸಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದೆ.

ಊರಿಗೆ ಬಂದು ತಂಗಿಗೆ ಎಲ್ಲವನ್ನೂ ಹೇಳಿದೆ. ಅಷ್ಟರಲ್ಲಿ ಆ ಹುಡುಗನಿಗೆ ಬೇರೆ ಕಡೆ ಮದುವೆಯಾಗಿ ಮಗುವೂ ಆಗಿತ್ತು. ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಹೊಳೆ ಯಾವ ಕಡೀಕಾದ್ರೂ ಹರೀಲಿ ಕಣಣ್ಣ. ಅವ್ರನ್ನ ಅಷ್ಟೆಲ್ಲ ಕೇಳ್ದೋನು, ನನ್ನ ಒಂದ್ಮಾತು ಕೇಳ್ನಿಲ್ವಲ್ಲ."

ಮತ್ತೆ ಮೊರ ಎತ್ತಿಕೊಂಡಳು. ಹಾಡಲಿಲ್ಲ.