ಪರೀಕ್ಷೆಗೊಂದು ಕ್ಯಾಸೆಟ್

ಈಗಿನ ಆಡಿಯೊ ವಿಮರ್ಶೆಗಳಲ್ಲಿ ಕೆಟ್ಟ ಸ್ಪೀಕರ್ ಅನ್ನುವುದೇ ಇಲ್ಲ. ಎಲ್ಲವೂ ಸೂಪರ್. ಇಷ್ಟೊಂದು ಸೂಪರ್ ಸ್ಪೀಕರ್‌ಗಳಿರುವ ಊರಲ್ಲಿ ನಮ್ಮ ರಸ್ತೆಯ ಗಣಪತಿ ಪೆಂಡಾಲಿನದು ಮಾತ್ರ ಯಾಕೆ ಹಾಗೆ ಅರಚುತ್ತದೋ ಗೊತ್ತಿಲ್ಲ.

ಕಾಲೇಜಿನ ದಿನಗಳಲ್ಲಿ ನಾನೂ ನನ್ನ ಗೆಳೆಯನೂ ಶಿವಾಜಿನಗರದ ಫುಟ್‌ಪಾತಿನಲ್ಲಿ ಹಳೇ ಇಂಗ್ಲಿಷ್ ಹೈ-ಫೈ ಪತ್ರಿಕೆಗಳನ್ನು ಹುಡುಕಿ ತರುತ್ತಿದ್ದೆವು. ಅದರಲ್ಲಿದ್ದ ಸ್ಪೀಕರ್‌ಗಳನ್ನು ಕೊಳ್ಳುವುದಿರಲಿ, ಕಣ್ಣಾರೆ ಕಂಡವರೂ ಅಲ್ಲ ನಾವು. ಆದರೂ ಓದುತ್ತಿದ್ದೆವು, ಯಾಕೆಂದರೆ ಬರೆಯುವವರು ಯಾರ ಮುಲಾಜೂ ಇಲ್ಲದೆ ಬೈಯುತ್ತಿದ್ದರು. ಬೈಗುಳ ಇರುವ ಪುಟ ಸಿಕ್ಕರೆ ಗೆಳೆಯ ಹಲಸೂರಿನ ತನ್ನ ಮನೆಯ ಮೆಟ್ಟಿಲ ಮೇಲೆ ಕೂತು ಅದನ್ನು ಕನ್ನಡ ಮಾಡಿ ಓದುತ್ತಿದ್ದ. ನಾನು ನಕ್ಕು ಸುಸ್ತಾಗುತ್ತಿದ್ದೆ.

ಸ್ಪೀಕರ್ ಪರೀಕ್ಷೆಗೆ ಸಂಗೀತ ಬೇಡ, ನಿಮಗೆ ಚೆನ್ನಾಗಿ ಗೊತ್ತಿರುವವರ ಮಾತು ಸಾಕು ಅಂತ ಒಬ್ಬ ವಿಮರ್ಶಕ ಬರೆದಿದ್ದ. ನಮಗದು ವೇದವಾಕ್ಯವಾಯಿತು. ಗೆಳೆಯನ ಓದನ್ನೇ ಒಂದು ಕ್ಯಾಸೆಟ್ಟಿಗೆ ತುಂಬಿಸಿದೆವು. ಯಾರ ಮನೆಗೆ ಹೊಸ ಸೆಟ್ ಬಂದರೂ ಆ ಕ್ಯಾಸೆಟ್ ಹಿಡಿದು ಹೋಗುವುದು, ಹಾಕಿಸಿ ಕೇಳುವುದು, ಅನ್ನಿಸಿದ್ದನ್ನು ಮುಖಕ್ಕೆ ಹೊಡೆದ ಹಾಗೆ ಹೇಳಿ ಬರುವುದು. ಎರಡನೇ ಸಲ ಯಾರೂ ಕರೆಯುತ್ತಿರಲಿಲ್ಲ.

ಈಗ ಅವನೇ ವಿಡಿಯೊದಲ್ಲಿ ವಿಮರ್ಶೆ ಮಾಡುತ್ತಾನೆ. ಕಂಪನಿಗಳು ಮನೆಗೇ ಸ್ಪೀಕರ್ ಕಳಿಸುತ್ತವೆ. ಬಂದದ್ದಕ್ಕೆಲ್ಲ ಅವನು ಸೂಪರ್ ಅನ್ನುವಾಗ ನನಗೆ ಸಿಟ್ಟು ಬರುತ್ತದೆ. ಹಾಗಿದ್ದೂ ಈಚೆಗೆ ಅವನ ವಿಡಿಯೊ ನಂಬಿಯೇ ಒಂದು ಜೊತೆ ಸ್ಪೀಕರ್ ತಂದೆ. ಬೇರೆ ಯಾರನ್ನು ನಂಬಲಿ? ಕಗ್ಗದಾಸಪುರದ ನಮ್ಮ ಮನೆಯಲ್ಲಿ ಹಾಕಿ ಕೇಳಿದರೆ ಹಾಡಿನ ಮಾತೇ ತಿಳಿಯದು. ಬಂದು ಕೇಳು ಅಂತ ಅವನನ್ನು ಕರೆದೆ. ಸ್ಪೀಕರ್ ಹಾಳಾಗಿ ಹೋಗಲಿ, ಅವನು ನನಗೂ ಸುಳ್ಳು ಹೇಳಿಬಿಟ್ಟರೆ ಅನ್ನುವುದೇ ನನ್ನ ಭಯವಾಗಿತ್ತು.

ಭಾನುವಾರ ಬಂದ. ಒಂದು ಹಾಡು ಪೂರ್ತಿ ಕೇಳಿದ.

"ಸೂಪರಾಗಿದೆ ಗುರು," ಅಂದ, ಕ್ಯಾಮೆರಾ ಮುಂದೆ ಹೇಳುವ ಅದೇ ದನಿಯಲ್ಲಿ.

ನನಗೆ ತುಂಬಾ ಬೇಜಾರಾಯಿತು. ಎದ್ದು ಹಳೇ ಟೇಪ್ ಡೆಕ್ಕನ್ನು ಅದೇ ಸ್ಪೀಕರ್‌ಗಳಿಗೆ ಜೋಡಿಸಿ ಆ ಕ್ಯಾಸೆಟ್ ಹಾಕಿದೆ.

"ಈ ಸ್ಪೀಕರಿನಲ್ಲಿ ಹಾಡುವವರಿಗೆಲ್ಲ ನೆಗಡಿ. ದಯವಿಟ್ಟು ಯಾರೂ ಕೊಳ್ಳಬೇಡಿ," ಅಂತು ಅವನ ಎಳೇ ದನಿ. ಹಿಂದೆಯೇ ನಮ್ಮಿಬ್ಬರ ನಗು. ಅವನು ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದ.

"ನನ್ ದನಿ ಯಾವತ್ತೂ ಇಷ್ಟು ದಪ್ಪ ಇರ್ಲಿಲ್ಲ," ಅಂದ. "ಕೊಡದೊಳಗೆ ಬಾಯಿಟ್ಟು ಮಾತಾಡ್ದಂಗಿದೆ."

"ವಿಡಿಯೊದಲ್ಲಿ ಯಾಕೆ ಹೇಳ್ಲಿಲ್ಲ?"

"ಒಂದ್ಸಲ ಒಂದು ಸ್ಪೀಕರ್ ಬಗ್ಗೆ ಹಿಂಗೇ ಹೇಳ್ದೆ. ಆಮೇಲೆ ಎಷ್ಟೋ ದಿನ ಯಾರೂ ಏನೂ ಕಳಿಸ್ಲೇ ಇಲ್ಲ."

"ಸರಿ. ಈಗ ನಂಗ್ಯಾಕೆ ಸುಳ್ ಹೇಳ್ದೆ?"

"ನೀನು ಆಗ್ಲೇ ತಗೊಂಡ್ಬಿಟ್ಟಿದ್ದೆ. ಅದೂ ನನ್ ಮಾತು ಕೇಳಿ. ಏನಂತ ಹೇಳ್ಲಿ?"

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಕಾಫಿ ಮಾಡಿದೆ. ಇಬ್ಬರೂ ಸೇರಿ ಸ್ಪೀಕರ್‌ಗಳನ್ನು ಗೋಡೆಯಿಂದ ಮುಂದಕ್ಕೆ ಎಳೆದು ನೋಡಿದೆವು. ದನಿ ಸ್ವಲ್ಪ ತೆಳುವಾಯಿತು, ಬಹಳವೇನಿಲ್ಲ. ಪತ್ರಿಕೆಯಾಗಿದ್ದರೆ ಇಷ್ಟನ್ನೂ ಬರೆದಿರುತ್ತಿತ್ತು ಅಂದೆ. ಹೌದು ಅಂದ.

ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, "ಆ ಕ್ಯಾಸೆಟ್ ಕೊಟ್ಟಿರ್ತೀಯಾ? ಮುಂದಿನ್ ಸ್ಪೀಕರ್ ಬಂದಾಗ ಹಾಕಿ ಕೇಳ್ತೀನಿ," ಅಂದ.

"ಕೊಡಲ್ಲ. ಸ್ಪೀಕರೇ ಇಲ್ಲಿಗೆ ತಗೊಂಬಾ."

ಹೋದ ವಾರ ದೊಡ್ಡದೊಂದು ಪೆಟ್ಟಿಗೆ ಹೊತ್ತುಕೊಂಡು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. ಕ್ಯಾಮೆರಾ ತಂದಿರಲಿಲ್ಲ.