ಹಲ್ಲಕ್ಕನ ತುತ್ತೂರಿ ಹೂ

ಹಲ್ಲಕ್ಕನ ಮನೆಯಲ್ಲಿ ಮನುಷ್ಯರಿಗಿಂತ ಕಪಾಟೇ ಹೆಚ್ಚು ನಗುತ್ತದೆ ಎಂದು ನಮ್ಮ ಬೀದಿಯವರು ಹೇಳುತ್ತಿದ್ದರು. ಸುಳ್ಳೇನಲ್ಲ. ನಡುಮನೆಯ ಗಾಜಿನ ಕಪಾಟಿನಲ್ಲಿ ಮೂರು ಸಾಲು ಪ್ಲಾಸ್ಟರ್ ದವಡೆಗಳು ಹಲ್ಲು ಕಿರಿದುಕೊಂಡು ಕೂತಿರುತ್ತಿದ್ದವು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಸರಿಹೊಂದುವ ಹಲ್ಲಿನ ಸೆಟ್ಟು ಕಟ್ಟಿಕೊಡುವುದು ಅವಳ ಕಸುಬು. ಮೂವತ್ತು ವರ್ಷ ಅದೇ ಬಾಡಿಗೆ ಮನೆ, ಅದೇ ಕಿಟಕಿ, ಅದೇ ಮೇಜು. ಬೀದಿಯ ಅರ್ಧ ಜನ ಅವಳು ಕಟ್ಟಿಕೊಟ್ಟ ಹಲ್ಲಿನಲ್ಲೇ ಅವಳನ್ನು ಆಡಿಕೊಳ್ಳುತ್ತಿದ್ದರು.

"ಅಂಗಳದಲ್ಲಿ ಬೆಳೆಸಿರೋದು ಉಮ್ಮತ್ತಿ ಜಾತಿ ಕಣ್ರೀ, ಶುದ್ಧ ವಿಷ," ಎನ್ನುತ್ತಿದ್ದರು ಎದುರು ಮನೆಯ ದೊಡ್ಡ ಟೀಚರ್.

"ಹಲ್ಲು ಕೊಟ್ಟೋಳೇ ತಿನ್ನೋಕೂ ಏನಾದ್ರೂ ಕೊಡಬೇಕಲ್ವಾ ಟೀಚರ್," ಎಂದು ಇಸ್ತ್ರಿಯವನು ನಗುತ್ತಿದ್ದ.

ಹಲ್ಲಕ್ಕ ಇಲ್ಲ ಎನ್ನುತ್ತಿರಲಿಲ್ಲ. "ವಿಷಾನೇ ಟೀಚರ್. ಕೈಗವಸು ಹಾಕ್ಕೊಂಡು ಮುಟ್ತೀನಿ, ಆಮೇಲೆ ಕೈ ತೊಳ್ಕೋತೀನಿ. ನಿಮ್ಮನೆ ಮಕ್ಕಳು ಬಂದ್ರೆ ಗೇಟು ಹಾಕಿರ್ತೀನಿ."

ಆ ಗಿಡ ಅವಳ ಮನೆಗೆ ಬಂದದ್ದು ಅಂಚೆ ಕವರಿನಲ್ಲಿ. ಬೀಜ ಹಂಚಿಕೊಳ್ಳುವವರದು ಒಂದು ಬಳಗವಿತ್ತು. ಯಾರೂ ಯಾರ ಮುಖವನ್ನೂ ಕಂಡವರಲ್ಲ. ನಿನ್ನಲ್ಲಿದ್ದದ್ದು ನನಗೆ, ನನ್ನಲ್ಲಿದ್ದದ್ದು ಇನ್ನೊಬ್ಬರಿಗೆ. ಹಾಗೆ ಒಮ್ಮೆ ದೂರದ ಚಳಿಯೂರಿನ ನರ್ಸಮ್ಮನೊಬ್ಬಳು ಏಳು ಬೀಜ ಕಳಿಸಿದಳು. ಸುಟ್ಟ ಬೆಂಡಿನ ಚೂರುಗಳಂತೆ ಕಾಣುವ ಬೀಜ. ಜೊತೆಗೊಂದು ಪತ್ರ:

"ಇದರ ಹೆಸರು ಬ್ರುಗ್ಮಾನ್ಸಿಯ. ನಾವು ತುತ್ತೂರಿ ಹೂ ಅನ್ನುತ್ತೇವೆ. ತಾಯಿಗಿಡ ಹೋದ ಚಳಿಗಾಲದಲ್ಲಿ ಹಿಮಕ್ಕೆ ಸತ್ತಿತು, ಇವು ಕೊನೆಯ ಏಳು. ಬೀಜದಿಂದ ಹುಟ್ಟಿದ್ದು ತಾಯಿಯ ಹಾಗೇ ಇರುವುದಿಲ್ಲ, ಪ್ರತಿ ಗಿಡವೂ ಲೋಕಕ್ಕೆ ಹೊಸದು. ಕಾಂಡ ಕವಲೊಡೆಯುವವರೆಗೆ ಹೂವಿನ ಮಾತೆತ್ತಬೇಡ. ಒಂಟಿಯಾಗಿದ್ದರೆ ಕಾಯಿ ಕಟ್ಟುವುದಿಲ್ಲ, ಇನ್ನೊಂದು ಗಿಡದ ಪರಾಗ ಬೇಕು. ಕಾಯಿ ಕಟ್ಟಿದರೆ ಏಳು ಬೀಜ ನನಗೆ ವಾಪಸ್ಸು ಕಳಿಸು. ನನಗೀಗ ಎಪ್ಪತ್ತೊಂಬತ್ತು, ಹೆಚ್ಚು ಕಾಯಿಸಬೇಡ."

ಹಲ್ಲಕ್ಕ ಒಂದು ಕಾರ್ಡಿನಲ್ಲಿ ಒಂದೇ ಪದ ಬರೆದು ಹಾಕಿದಳು: "ಕಳಿಸುತ್ತೇನೆ." ಆ ಒಂದು ಪದ ಮುಂದೆ ನಾಲ್ಕು ವರ್ಷ ಅವಳ ಹೆಗಲೇರಿ ಕೂತಿತು.

ಬೀಜವನ್ನು ಒಂದು ದಿನ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಲ್ಲು ಕೆತ್ತುವ ಸಣ್ಣ ಸಲಾಕೆಯಿಂದ ಬೆಂಡಿನ ಸಿಪ್ಪೆ ಬಿಡಿಸಿದಳು. ಒಳಗಿನ ತಿರುಳು ಎಳೆಮಗುವಿನ ಮೊದಲ ಹಲ್ಲಿನಷ್ಟು. ಇಪ್ಪತ್ತೈದನೆಯ ದಿನ ಆರು ಮೊಳೆತವು. ಏಳನೆಯದು ಜಪ್ಪಯ್ಯ ಎನ್ನಲಿಲ್ಲ. ಅದನ್ನು ಎಸೆಯಲು ಮನಸ್ಸು ಬಾರದೆ, ಸೆಟ್ಟು ಇಟ್ಟುಕೊಡುವ ಡಬ್ಬಿಯೊಂದರಲ್ಲಿ ಒದ್ದೆ ಹತ್ತಿ ಹಾಸಿ ಮಲಗಿಸಿ ಕಿಟಕಿಯಲ್ಲಿಟ್ಟಳು.

ಆಗಲೇ ಆದದ್ದು ಆ ಎಡವಟ್ಟು. ನಲ್ಲಿಯಲ್ಲಿ ನೀರು ಬಾರದ ವಾರ ಅದು. ಪ್ಲಾಸ್ಟರ್ ಕಲಸಿದ ಬಟ್ಟಲು ತೊಳೆದ ನೀರನ್ನು ಚೆಲ್ಲಲು ಕೈ ಬರದೆ, ಮೂರು ದಿನ ಆರೂ ಕುಂಡಗಳಿಗೆ ಹನಿಸಿದಳು. ಬಿಳಿ ನೀರು, ಹಾಲಿನಂತಿತ್ತು. ನಾಲ್ಕನೆಯ ದಿನ ಬೆರಳಿಟ್ಟು ನೋಡಿದರೆ ಮಣ್ಣು ಕಲ್ಲು. ಆರು ಸಸಿಗಳೂ ಕುತ್ತಿಗೆ ಬಿಗಿದಂತೆ ಬಾಡಿ ನಿಂತಿದ್ದವು.

ಅವಳ ಗಂಡ ಬಸ್ಸು ಓಡಿಸಿ ರಿಟೈರಾದವನು, ಗಂಟಲು ದೊಡ್ಡದು. ಕುಂಡ ಬೋರಲು ಹಾಕಿ ಕುಟ್ಟಿದ. ಕುಂಡದ ಆಕಾರದ ಕಲ್ಲೇ ಈಚೆ ಬಂತು.

"ಏನೇ ಇದು, ಗಿಡಕ್ಕೂ ಸೆಟ್ಟು ಕಟ್ಟಿಬಿಟ್ಟೆಯಲ್ಲೇ!"

ಅವಳು ನಗಲಿಲ್ಲ. ಅವನು ತಕ್ಷಣ ದನಿ ಇಳಿಸಿದ. "ಆ ಡಬ್ಬಿಯೊಳಗಿನ ಸೋಮಾರಿ ಏನಂತೆ?"

"ಅದೂ ಹೋಗಿರತ್ತೆ ಬಿಡ್ರೀ."

ಅವನೇ ಹೋಗಿ ಡಬ್ಬಿಯ ಮುಚ್ಚಳ ತೆಗೆದ. ಹತ್ತಿಯ ಮೇಲೆ ನೂಲಿನಷ್ಟು ಬಿಳಿ ಬೇರು ಕೊಕ್ಕೆಯಾಗಿ ಬಾಗಿತ್ತು. ಇಬ್ಬರೂ ಡಬ್ಬಿಯ ಮೇಲೆ ಬಗ್ಗಿ, ಉಸಿರು ತಾಗಿದರೆ ಎಲ್ಲಿ ನೋಯುತ್ತದೋ ಎನ್ನುವಂತೆ ಬಾಯಿ ಮುಚ್ಚಿಕೊಂಡು ನೋಡಿದರು.

ಆ ಸೋಮಾರಿ ಆಮೇಲೆ ಬೆಳೆದದ್ದು ನೋಡಬೇಕಿತ್ತು! ಕುಂಡ ಸಾಲದೆ ಅಂಗಳದ ಗೋಡೆಯ ಪಕ್ಕ ನೆಲಕ್ಕಿಳಿಯಿತು. ಒಂದು ವರ್ಷ ಕೋಲಿನಂತೆ ನೆಟ್ಟಗೆ ಹೋಗಿ, ಹಲ್ಲಕ್ಕನ ತಲೆ ದಾಟಿದ ಮೇಲೆ ಒಂದು ಬೆಳಿಗ್ಗೆ ಎರಡಾಗಿ ಕವಲೊಡೆಯಿತು. ಅಲ್ಲಿಂದ ಎರಡು ತಿಂಗಳಿಗೆ ಮೊಗ್ಗು. ಹೆಬ್ಬೆರಳಿನಷ್ಟಿದ್ದದ್ದು ಗೇಣುದ್ದ ಆಯಿತು, ಗೇಣುದ್ದದ್ದು ಮೊಳದ ಹತ್ತಿರ ಬಂತು. ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಹನ್ನೊಂದು ತುತ್ತೂರಿಗಳು ಒಟ್ಟಿಗೇ ನೆಲದತ್ತ ಬಾಯಿ ತೆರೆದವು.

ಮೊದಲು ಬೀದಿಗೆ ಹೋದದ್ದು ಪರಿಮಳ. ಇಸ್ತ್ರಿಯವನು ಪೆಟ್ಟಿಗೆ ಬದಿಗಿಟ್ಟು ಈಚೆ ಬಂದ. ಹಾಲಿನವಳು ಸೈಕಲ್ಲಿನಿಂದ ಇಳಿದಳು. ದೊಡ್ಡ ಟೀಚರ್ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದವರು, ಗೇಟಿನ ಹತ್ತಿರ ಬಂದ ಮೇಲೆ ಸೆರಗು ಬಿಟ್ಟರು. ಎಲ್ಲರೂ, ಮಾತಾಡಿದರೆ ಆ ಹೂಗಳಿಗೆ ಕೇಳಿಸಿಬಿಡುತ್ತದೆ ಎನ್ನುವ ಹಾಗೆ ನಿಂತಿದ್ದರು.

ಮೊದಲ ದಿನ ಬಿಳಿ. ಎರಡನೆಯ ದಿನ ಕೆನೆ. ಮೂರನೆಯ ದಿನ ಅಂಚಿನಿಂದ ಒಂದು ಬಣ್ಣ ಏರತೊಡಗಿತು. ಹಲ್ಲಕ್ಕ ತನ್ನ ಬಣ್ಣದ ಪಟ್ಟಿ ತಂದಳು: ಹಲ್ಲಿನ ಹದಿನಾರು ಛಾಯೆಗಳ ಹದಿನಾರು ಮಾದರಿ. ಜನರ ಬಾಯಿಗೆ ಹಿಡಿದು ಕಣ್ಣು ಕಿರಿದು ಮಾಡಿ ಬಣ್ಣ ಹೇಳುವುದರಲ್ಲಿ ಅವಳು ಎಂದೂ ತಪ್ಪಿದವಳಲ್ಲ. ಹೂವಿನ ಪಕ್ಕ ಒಂದೊಂದಾಗಿ ಹಿಡಿದಳು. ಹದಿನಾರೂ ಮುಗಿದವು. ಪಟ್ಟಿ ಮಡಿಸಿ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು.

"ಯಾವುದೂ ಇಲ್ಲ ಕಣ್ರೀ. ಇದಕ್ಕೆ ಹೆಸರೇ ಇಲ್ಲ."

ಆ ಹನ್ನೊಂದೂ ಕಾಯಿ ಕಟ್ಟದೆ ಉದುರಿದವು. ಜೊತೆ ಇಲ್ಲವಲ್ಲ! ಹಲ್ಲಕ್ಕ ಬಂದಬಂದವರನ್ನೆಲ್ಲ ಕೇಳಿದಳು, ಯಾರಲ್ಲೂ ಇಲ್ಲ. ನರ್ಸಮ್ಮನಿಂದ ಆರಾರು ತಿಂಗಳಿಗೊಂದು ಕಾರ್ಡು ಬರುತ್ತಿತ್ತು: "ಇನ್ನೂ ಇದ್ದೇನೆ." ಅಷ್ಟೇ. ಅದನ್ನು ಓದಿದ ದಿನ ಹಲ್ಲಕ್ಕನಿಗೆ ಅನ್ನ ಸೇರುತ್ತಿರಲಿಲ್ಲ.

ಎರಡನೆಯ ಸಲದ ಮೊಗ್ಗು ಇಳಿಬಿದ್ದಿದ್ದಾಗ ನೀರಿನ ಟ್ಯಾಂಕಿನ ಕಾವಲುಗಾರ ಬಂದ. ಸೆಟ್ಟು ಒತ್ತುತ್ತಿತ್ತಂತೆ. ಅದನ್ನು ಉಜ್ಜಿ ಸರಿಮಾಡುವವರೆಗೆ ಬೋಳು ಬಾಯಲ್ಲಿ ಅಂಗಳ ನೋಡುತ್ತ ಕೂತವನು, "ಈ ತಲೆಕೆಳಗಾದ ಹೂವು ನಮ್ ಪಂಪ್‌ಹೌಸ್ ಹಿಂದೇನೂ ಇದೆಯಲ್ಲ," ಎಂದ. "ನಮ್ದು ಬರೀ ಬಿಳಿ. ಯಾರು ನೆಟ್ಟಿದ್ದೋ."

ಹಲ್ಲಕ್ಕನ ಕೈಯಿಂದ ಅರ ಜಾರಿತು. "ಅಣ್ಣಾ, ಅದರ ಪರಾಗ ತಂದುಕೊಡ್ತೀಯಾ?"

ಒಂದು ವಾರ ಕಳೆದು, ಅಲ್ಲಿಯದೂ ಇಲ್ಲಿಯದೂ ಅರಳಿದ ಸಂಜೆಯೇ ಅವನು ಬಂದ. ಜೇಬಿನಿಂದ ತೆಗೆದದ್ದು ಅವಳೇ ಕೊಟ್ಟಿದ್ದ ಹಲ್ಲಿನ ಡಬ್ಬಿ. ಒಳಗೆ ಹಳದಿ ಪುಡಿ ಅಂಟಿದ ಕೇಸರಗಳು. "ಹಲ್ಲು ಬಾಯಲ್ಲಿದೆ, ಡಬ್ಬಿ ಖಾಲಿ ಇತ್ತು, ಅದಕ್ಕೇ," ಎಂದು ಇಡೀ ಸೆಟ್ಟು ತೋರಿಸಿ ನಕ್ಕ.

ಕೃತಕ ಹಲ್ಲಿಗೆ ಬಣ್ಣ ಕೊಡುವ ಅತಿ ಸಣ್ಣ ಕುಂಚದಲ್ಲಿ ಪರಾಗ ಅದ್ದಿ, ಹೂವಿನ ಕೆಳಗೆ ಮಂಡಿಯೂರಿ ಮುಖ ಮೇಲೆತ್ತಿ, ಆ ತುತ್ತೂರಿಯೊಳಗೆ ಕೈ ತೂರಿಸಿ ಮುಟ್ಟಿಸಿದಳು. ಆರು ಹೂವಿಗೆ ಮುಟ್ಟಿಸಿದ್ದರಲ್ಲಿ ಒಂದು ಕಾಯಿ ನಿಂತಿತು. ಹಸಿರು, ಬೆರಳಿನಷ್ಟು. ಬಲಿಯಲು ಐದಾರು ತಿಂಗಳು ಬೇಕು.

ನಾಲ್ಕನೆಯ ತಿಂಗಳಿಗೆ ಮನೆ ಮಾಲೀಕರು ಬಂದರು. ಮನೆ ಕೆಡವಿ ಹೊಸದು ಕಟ್ಟಿಸುತ್ತಾರೆ, ತಿಂಗಳೊಳಗೆ ಖಾಲಿ ಮಾಡಬೇಕು. ಹಲ್ಲಕ್ಕ ವಾದಿಸಲಿಲ್ಲ. ನಾದಿನಿ ಇದ್ದ ಕಟ್ಟಡದ ಮೂರನೆಯ ಮಹಡಿಯಲ್ಲಿ ಎರಡು ಕೋಣೆ ಸಿಕ್ಕಿತು. ದವಡೆಗಳು ಪೆಟ್ಟಿಗೆ ಸೇರಿದವು. ಆದರೆ ಗಿಡ ಕಿತ್ತರೆ ಕಾಯಿ ಉದುರುತ್ತದೆ, ಹಸಿರು ಕಾಯಿ ಕೊಯ್ದರೆ ಬೀಜ ಜೊಳ್ಳು. ಸಾಮಾನು ಸಾಗಿಸುವ ದಿನ ಅವಳು ಬೀಗದ ಕೈ ಕೊಡದೆ ಮಾಲೀಕರ ಮುಂದೆ ನಿಂತಳು.

"ಸರ್, ಮನೆ ತಗೊಳ್ಳಿ. ಒಂದು ಕಾಯಿ ಇದೆ, ಅದು ಬಲಿಯೋವರೆಗೆ ಅಂಗಳ ಮಾತ್ರ ಬಿಡಿ."

ಮಾಲೀಕರು ಕಾಯಿ ನೋಡಿದರು, ಅವಳನ್ನು ನೋಡಿದರು, ನಾಲಿಗೆಯಿಂದ ಒಮ್ಮೆ ಮೇಲಿನ ಸೆಟ್ಟು ಸವರಿಕೊಂಡರು. "ನೀವು ಕಟ್ಟಿದ ಹಲ್ಲಿಟ್ಕೊಂಡು ನಿಮಗೇ ಇಲ್ಲ ಅಂತ ಹೆಂಗಮ್ಮ ಹೇಳ್ಲಿ? ಕೆಲಸದವರಿಗೆ ಹಿಂದಿನಿಂದ ಶುರು ಮಾಡಿ ಅಂತೀನಿ."

ಆಮೇಲೆ ಏಳು ವಾರ ಅವಳು ದಿನವೂ ಬಸ್ಸು ಹತ್ತಿ ಬಂದಳು. ಹಿಂದೆ ಅಡುಗೆಮನೆ ಬಿತ್ತು, ಮಲಗುವ ಕೋಣೆ ಬಿತ್ತು. ಕಾಯಿಯ ಮೇಲೆ ಧೂಳು ಕೂರದಂತೆ ತೆಳು ಬಟ್ಟೆ ಕಟ್ಟಿದ್ದಳು. ಇಟ್ಟಿಗೆ ಹೊರುವ ಹೆಂಗಸರು ಅಂಗಳ ದಾಟುವಾಗ ತಾವಾಗಿಯೇ ಬಳಸಿ ನಡೆಯುತ್ತಿದ್ದರು. ದೊಡ್ಡ ಟೀಚರ್ ಬೆಳಿಗ್ಗೆ ಎದ್ದವರೇ ಕಾಯಿ ಇದೆಯೇ ಎಂದು ನೋಡುತ್ತಿದ್ದರು. "ಇದೆ ಕಣೇ, ನಿನ್ನ ವಿಷದ ಕಾಯಿ," ಎಂದು ಬಸ್ಸಿಳಿದವಳಿಗೆ ದೂರದಿಂದಲೇ ಕೂಗುತ್ತಿದ್ದರು.

ಕೊನೆಗೊಂದು ಮಧ್ಯಾಹ್ನ ತೊಟ್ಟು ಒಣಗಿತ್ತು. ಕಂದು ಬಣ್ಣಕ್ಕೆ ತಿರುಗಿದ ಕಾಯಿ ಬೆರಳು ತಾಗಿಸಿದ್ದಷ್ಟೇ, ಕೈಗೆ ಬಂತು. ನಡುಮನೆಯಲ್ಲಿ, ಕಪಾಟಿದ್ದ ಜಾಗದಲ್ಲಿ ಕಾಗದ ಹಾಸಿ ಸೀಳಿದಳು. ಸುಟ್ಟ ಬೆಂಡಿನ ಚೂರುಗಳು ಒತ್ತೊತ್ತಾಗಿ ಕೂತಿದ್ದವು, ನಲವತ್ತಮೂರು. ಎಣಿಸಿ ಮುಗಿಸಿದವಳು ಮತ್ತೆ ಮೊದಲಿನಿಂದ ಎಣಿಸಿದಳು. ಹೆಸರಿಲ್ಲದ ನಲವತ್ತಮೂರು ಬಣ್ಣ, ಒಂದು ಅಂಗೈಯಲ್ಲಿ.

ಏಳನ್ನು ಹಲ್ಲಿನ ಡಬ್ಬಿಗೆ ಹಾಕಿದಳು, ಉಳಿದವನ್ನು ಕಾಗದದಲ್ಲೇ ಮಡಿಸಿ ಕಟ್ಟಿದಳು. ಗಿಡದ ಕೊಂಬೆಗಳನ್ನು ಗೇಣುದ್ದ ಕತ್ತರಿಸಿ ಕಟ್ಟಿಟ್ಟಳು: ಒಂದು ಕಾವಲುಗಾರನಿಗೆ, ಒಂದು ತನ್ನ ಮೂರನೆಯ ಮಹಡಿಗೆ. ಟೀಚರ್ ಗೇಟಿನಲ್ಲಿ ಕೈ ಚಾಚಿ ನಿಂತಿದ್ದರು.

"ಮಕ್ಕಳಿಗೆ ಎಟುಕದ ಕಡೆ ನೆಡ್ತೀನಿ. ಕೊಡು."

ಬೀದಿಯಿಂದ ಗಂಡ ಕೂಗಿದ: "ಅಂಚೆ ಕಚೇರಿ ಮುಚ್ಚತ್ತೆ ಕಣೇ, ಬಾ!"

ಹಲ್ಲಕ್ಕ ಅಂಗಳದ ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ನಲ್ಲಿ ಬಿಗಿಯಾಗಿ ತಿರುಗಿಸಿ, ತಾನಿಟ್ಟುಕೊಂಡಿದ್ದ ಗೇಟಿನ ಬೀಗದ ಕೈಯನ್ನು ಮೇಸ್ತ್ರಿಗೆ ಕೊಟ್ಟು, ಡಬ್ಬಿಯನ್ನು ಎದೆಗೆ ಅವುಚಿಕೊಂಡು ಗೇಟು ದಾಟಿದಳು.