ಇವತ್ತು ಒಳಗ ಏನು ಹೇಳಿದ್ರು?

ಸರಕಾರಿ ಶಾಲೆಯಲ್ಲಿ ಜಾಣ ಮಕ್ಕಳನ್ನು ಯಾರೂ ಗುರುತಿಸುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಗುರುತಿಸದೆ ಏನು! ಕಾನಹೊಸಹಳ್ಳಿಯ ಹತ್ತಿರ ನಾನು ಓದಿದ ಆ ಎರಡು ಕೋಣೆಯ ಶಾಲೆಯಲ್ಲಿ ಯಾವ ಹುಡುಗಿ ಜಾಣೆ ಎಂಬುದು ದಾರಿಯಲ್ಲಿ ದನ ಹೊಡೆದುಕೊಂಡು ಹೋಗುವವರಿಗೂ ಗೊತ್ತಿತ್ತು. ಗುರುತಿಸಿದ ಮೇಲೆ ಆಕೆಯನ್ನು ಏನು ಮಾಡಿದೆವು ಎನ್ನುವುದೇ ನನ್ನ ಸಂಕಟ.

ಆಕೆ ಕುರಿ ಸಾಕುವವರ ಮನೆಯ ಹುಡುಗಿ. ನಾನು ಹೈವೇ ಮಗ್ಗುಲಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಸಾಬರ ಮಗಳು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು, ಇಬ್ಬರೂ ಐದನೇ ಕ್ಲಾಸು. ಶಾಲೆಗೆಲ್ಲ ಒಬ್ಬರೇ ಮಾಸ್ತರು. ಅವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಬಂದ ಹೊಸದರಲ್ಲಿ ಬೋರ್ಡಿನ ಮೇಲೆ ಲೆಕ್ಕ ಬರೆದು ಈ ಕಡೆ ತಿರುಗುವಷ್ಟರಲ್ಲಿ ಆಕೆ ಉತ್ತರ ಹೇಳಿಬಿಟ್ಟಳು. ಮತ್ತೊಂದು ಬರೆದರು, ಅದಕ್ಕೂ ಹೇಳಿದಳು. ಮಾಸ್ತರು ಖುಷಿಯಿಂದ ಸಂಜೆ ಕಟ್ಟೆಯ ಮೇಲೆ ಕೂತಿದ್ದ ಹಿರಿಯರ ಮುಂದೆಲ್ಲ, “ಬೆಳೆಯೋ ಸಿರಿ ಮೊಳಕಿಯಾಗ ಅಂತಾರಲ್ರಿ, ಈ ಹುಡುಗೀನ ನೋಡ್ರಿ,” ಎಂದು ಹೊಗಳಿದರು. ಮರುದಿನ ಆಕೆಯ ಕೈಗೆ ಒಂದು ಬೆತ್ತ ಕೊಟ್ಟು, ಹೊರಗೆ ಪಡಸಾಲೆಯಲ್ಲಿ ಒಂದನೇ ಎರಡನೇ ಕ್ಲಾಸಿನವರ ಮುಂದೆ ಕೂರಿಸಿದರು.

ನಮ್ಮ ಕಡೆಯ ಶಾಲೆಗಳಲ್ಲಿ ಜಾಣತನಕ್ಕೆ ಸಿಗುತ್ತಿದ್ದ ಬಹುಮಾನವೇ ಅದು. ಮಾಸ್ತರಿಗೆ ಕೂಡ್ಲಿಗಿಯಲ್ಲಿ ಮೀಟಿಂಗು, ಮತದಾರರ ಪಟ್ಟಿ, ಜನಗಣತಿ, ಒಂದಲ್ಲ ಒಂದು. ದಡ್ಡರ ಕೈಗೆ ಸಣ್ಣ ಮಕ್ಕಳನ್ನು ಕೊಡಲು ಬರುತ್ತದೆಯೇ? ಹೀಗಾಗಿ ಜಾಣೆ ಹೊರಗೆ ಕೂತು ‘ಅ ಆ’ ಹೇಳಿಸುತ್ತಿದ್ದಳು. ನನ್ನಂಥ ಮಂದಮತಿಗಳು ಒಳಗೆ ಕೂತು ಪಾಠ ಕೇಳುತ್ತಿದ್ದೆವು.

ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಒಂದೇ ದಾರಿ. ಬೇವಿನ ಮರ ದಾಟಿದ್ದೇ ತಡ, ಆಕೆಯದು ಅದೇ ಪ್ರಶ್ನೆ: “ಲೇ, ಇವತ್ತು ಒಳಗ ಏನು ಹೇಳಿದ್ರು?”

ನನಗೆ ಅರ್ಧ ತಿಳಿದಿರುತ್ತಿತ್ತು, ಇನ್ನರ್ಧ ಮರೆತುಹೋಗಿರುತ್ತಿತ್ತು. ಆ ಅರ್ಧವನ್ನೇ ತಡವರಿಸಿ ಹೇಳುತ್ತಿದ್ದೆ. ಆಕೆ ಸುಮ್ಮನೆ ಕೇಳಿಸಿಕೊಂಡು, ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಪೂರ್ತಿ ಮಾಡಿ ನನಗೇ ತಿರುಗಿ ಹೇಳಿಕೊಡುತ್ತಿದ್ದಳು. ಲಸಾಅ, ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯದ ಲೆಕ್ಕ, ನನ್ನ ತಲೆಗೆ ಹತ್ತಿರಲೇ ಇಲ್ಲ. ಮಾಸ್ತರು ಬಡಿದು ಹೇಳಿದರೂ ಅಷ್ಟೇ, ಬೈದು ಹೇಳಿದರೂ ಅಷ್ಟೇ. ಆಕೆ ಹೇಳಿದಳು: “ನಮ್ಮ ಹಟ್ಟಿಯಾಗ ಎರಡು ನಾಯಿ ಅದಾವು ಅಂತ ತಿಳ್ಕೋ. ಕರಿ ನಾಯಿಗೆ ಮೂರು ದಿನಕ್ಕೊಮ್ಮೆ ಹೊಟ್ಟಿ ಕೆಡ್ತೈತಿ. ಕೆಂದ ನಾಯಿಗೆ ನಾಕು ದಿನಕ್ಕೊಮ್ಮೆ. ಇವತ್ತು ಎರಡಕ್ಕೂ ಕೆಟ್ಟೈತಿ. ಮತ್ತ ಎರಡಕ್ಕೂ ಕೂಡೇ ಕೆಡೋದು ಯಾವತ್ತು ಹೇಳು, ಅವತ್ತು ನಾ ಹಟ್ಟಿ ಕಸ ಹೊಡಿಯಾಂಗಿಲ್ಲ!” ನಾನು ನಕ್ಕು ನಕ್ಕು ರಸ್ತೆಯ ಮೇಲೇ ಕುಕ್ಕರಿಸಿ ಬೆರಳು ಎಣಿಸಿದೆ. ಹನ್ನೆರಡು! ಅವತ್ತಿನಿಂದ ಲಸಾಅ ನನಗೆ ತಪ್ಪಿಲ್ಲ.

ಅದೇ ವರ್ಷ ಸರಕಾರಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬಂತು. ಊಟ, ಬಟ್ಟೆ, ಪುಸ್ತಕ ಎಲ್ಲ ಪುಕ್ಕಟೆ. ಐದನೇ ಕ್ಲಾಸಿನಲ್ಲಿ ಒಮ್ಮೆ ಮಾತ್ರ ಬರೆಯಬಹುದು, ಆಮೇಲೆ ಇಲ್ಲ. ಮಾಸ್ತರು ನಾಲ್ಕು ಜನರನ್ನು ಆರಿಸಿ ಬೆಳಿಗ್ಗೆ ಬೇಗ ಬರಹೇಳಿದರು. ನಾಲ್ವರಲ್ಲಿ ನಾನಿದ್ದೆ, ಆಕೆ ಇರಲಿಲ್ಲ. ಯಾಕೆಂದು ನಾನೇ ಕೇಳಿದೆ.

“ಆಕಿ ಹೆಂಗಿದ್ರೂ ಕಲೀತಾಳ ಬಿಡವ್ವ. ಶಾಣೇರಿಗೆ ಯಾರ ಗೊಡವಿ ಬೇಕು?” ಎಂದು ಮಾಸ್ತರು ನಕ್ಕರು. “ಮತ್ತ ಆಕಿ ಹೋದ್ರ ಸಣ್ಣವ್ರನ್ನ ಯಾರು ನೋಡ್ಕೋಬೇಕು?”

ಆಕೆಗೆ ಬೇಸರವಾದೀತು ಎಂದುಕೊಂಡಿದ್ದೆ. ಬೇಸರವೇ! ಬೆತ್ತವನ್ನು ಸುಂಯ್ಯೆಂದು ಬೀಸಿ, “ಹೌದಲೇ, ನನ್ನ ಸಾಲಿ ಬಿಟ್ಟು ನಾ ಹೆಂಗ ಬರಲಿ?” ಅಂದಳು. ನನಗೆ ಒಳಗೊಳಗೇ ಹಾಯೆನಿಸಿತು. ಆಕೆ ಬಂದರೆ ನಮ್ಮ ಶಾಲೆಯಿಂದ ಸೀಟು ಸಿಗುವುದು ಯಾರಿಗೆ ಎಂದು ತಿಳಿಯದಷ್ಟು ದಡ್ಡಿ ನಾನಾಗಿರಲಿಲ್ಲ. ಹತ್ತು ವರ್ಷದ ಹುಡುಗಿಗೆ ಅಷ್ಟು ಲೆಕ್ಕಾಚಾರ ಹೇಗೆ ಬಂತೋ, ಅಲ್ಲಾನೇ ಬಲ್ಲ.

ಕೂಡ್ಲಿಗಿಯಲ್ಲಿ ಪರೀಕ್ಷೆ. ಪ್ರಶ್ನೆಪತ್ರಿಕೆಯಲ್ಲಿ ಎರಡು ಗಂಟೆಗಳ ಲೆಕ್ಕ: ಇಷ್ಟು ನಿಮಿಷಕ್ಕೊಮ್ಮೆ ಒಂದು, ಅಷ್ಟು ನಿಮಿಷಕ್ಕೊಮ್ಮೆ ಇನ್ನೊಂದು ಬಾರಿಸುತ್ತದೆ, ಎರಡೂ ಕೂಡಿ ಬಾರಿಸುವುದು ಯಾವಾಗ? ನನಗೆ ಕಂಡದ್ದು ಗಂಟೆಯಲ್ಲ, ಕರಿ ನಾಯಿ ಮತ್ತು ಕೆಂದ ನಾಯಿ. ಕಿಸಕ್ಕೆಂದು ನಕ್ಕೆ, ಮೇಲ್ವಿಚಾರಕರು ಗದರಿದರು. ಸೀಟು ಸಿಕ್ಕಿತು. ನಮ್ಮ ಅಬ್ಬಾ ಗ್ಯಾರೇಜಿಗೆ ಬಂದವರಿಗೆಲ್ಲ ಪೇಢೆ ಹಂಚಿದರು. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ, ಕೈ ಕೆಸರು ಆಕೆಯದು, ಬಾಯಿ ಮೊಸರು ನನ್ನದು.

ಟ್ರಂಕು ಹೊತ್ತು ಬಸ್ಸು ಹತ್ತಿದ ದಿನ ಆಕೆ ಬಂದಿದ್ದಳು. “ರಜಾಕ್ಕ ಬಂದಾಗ ಎಲ್ಲಾ ಹೇಳಬೇಕು ನೋಡಲೇ, ಅಲ್ಲಿ ಒಳಗ ಏನು ಹೇಳಿದ್ರು ಅಂತ,” ಎಂದು ಕೂಗಿದಳು. ನಾನು ಹೂಂ ಅಂದೆ. ಮೊದಲ ರಜೆಯಲ್ಲಿ ಬಂದಾಗ ಆಕೆ ಕುರಿಯ ಹಿಂದೆ ಹೋಗಿದ್ದಳು. ಮುಂದೆ ಒಂದು ರಜೆಯಲ್ಲಿ ಆಕೆಯ ಮದುವೆಯೇ ಆಗಿಹೋಗಿತ್ತು. ಮಾಸ್ತರು ಹೇಳಿದ್ದು ಸುಳ್ಳಲ್ಲ, ಆಕೆ ಹೇಗಿದ್ದರೂ ಕಲಿಯುತ್ತಿದ್ದಳು. ಕಲಿಸುವವರೊಬ್ಬರು ಬೇಕಿತ್ತು, ಅಷ್ಟೇ.

ಆಮೇಲೆ ನಾನು ಟಿಸಿಎಚ್ ಮುಗಿಸಿದೆ, ಟೀಚರ್ ನೌಕರಿ ಸಿಕ್ಕಿತು, ಕೆಲವು ವರ್ಷಕ್ಕೆ ಹಡಗಲಿ ಕಡೆಯ ಒಂದು ಹಳ್ಳಿಗೆ ವರ್ಗವಾಯಿತು. ಅದು ಆಕೆಯ ಗಂಡನ ಊರು! ಆಕೆಯ ಮಗಳು ನನ್ನ ಶಾಲೆಯಲ್ಲೇ ಐದನೇ ಕ್ಲಾಸು. ಹೆಸರು ಕೇಳುವ ಮೊದಲೇ ಗುರುತು ಹತ್ತಿತು. ಅದೇ ಚೂಪು ಕಣ್ಣು, ಬೋರ್ಡಿನಿಂದ ನಾನು ತಿರುಗುವಷ್ಟರಲ್ಲಿ ಉತ್ತರ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಆಕೆಯನ್ನು ಕಂಡು ಗಂಟೆಗಟ್ಟಲೆ ಹರಟಿದೆ. ಮಗಳನ್ನು ನನ್ನ ಕೈಗೆ ಕೊಟ್ಟೆ ಎಂಬಂತೆ ಆಕೆ ನಿಶ್ಚಿಂತೆಯಿಂದಿದ್ದಳು.

ಆ ವರ್ಷ ನನ್ನ ಜೊತೆಯ ಶಿಕ್ಷಕರನ್ನು ಬೇರೆ ಶಾಲೆಗೆ ನಿಯೋಜನೆ ಮಾಡಿದರು. ನಾನೊಬ್ಬಳೇ. ಬಿಸಿಯೂಟದ ಅಕ್ಕಿ ಬೇಳೆ ನೋಡಬೇಕು, ಮೇಲಿನವರು ಕೇಳಿದ ಮಾಹಿತಿ ಕೊಡಬೇಕು. ಒಂದು ಬೆಳಿಗ್ಗೆ, ಯಾವ ಯೋಚನೆಯೂ ಇಲ್ಲದೆ, ಆ ಹುಡುಗಿಯ ಕೈಗೆ ಬೆತ್ತ ಕೊಟ್ಟು, “ಹೋಗವ್ವ, ಸಣ್ಣವ್ರನ್ನ ಸ್ವಲ್ಪ ನೋಡ್ಕೋ,” ಅಂದೆ. ಪ್ರೀತಿಯಿಂದಲೇ ಅಂದೆ. ಆ ಸ್ವಲ್ಪ ದಿನದಿನವೂ ಆಯಿತು. ಅದೇ ವಸತಿ ಶಾಲೆಯ ಪ್ರವೇಶ ಪರೀಕ್ಷೆಯ ತಯಾರಿಗೆ ಓದಿನಲ್ಲಿ ಹಿಂದುಳಿದ ನಾಲ್ವರನ್ನು ಬೆಳಿಗ್ಗೆ ಬೇಗ ಬರಹೇಳಿದೆ. ಈಕೆ ಹೇಗಿದ್ದರೂ ಕಲಿಯುತ್ತಾಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತು ಯಾರದೆಂದು ನೆನಪಾಗಲೂ ಇಲ್ಲ. ನನ್ನ ಬಾಯಿಗೆ ಹುಳ ಬೀಳಲಿ.

ಅವತ್ತು ಒಳಗೆ ಲಸಾಅ ಹೇಳುತ್ತಿದ್ದೆ. ಕರಿ ನಾಯಿ, ಕೆಂದ ನಾಯಿ, ಅದೇ ಹೊಟ್ಟೆ ಕೆಡುವ ಕಥೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಬಾಗಿಲ ಹೊರಗೆ ಇನ್ನೊಂದು ನಗು ಕೇಳಿಸಿತು. ನೋಡಿದರೆ ಆಕೆ. ಕುರಿಯ ಹಿಂದೆ ಹೊರಟವಳು ಮನೆಯ ಕೀಲಿ ಮಗಳಿಗೆ ಕೊಟ್ಟುಹೋಗಲು ಬಂದಿದ್ದಳು.

“ಏನ್ರಿ ಟೀಚರ್ರ, ಆ ನಾಯಿ ನಮ್ಮವಲ್ಲೇನ್ರಿ?” ಎಂದಳು. ಮಕ್ಕಳ ಮುಂದೆ ಆಕೆ ನನಗೆ ಯಾವಾಗಲೂ ರೀ ಹಚ್ಚುತ್ತಿದ್ದಳು.

ನಾನೂ ನಗುತ್ತಾ ಹೊರಗೆ ಬಂದೆ. ಆಕೆಯ ಕಣ್ಣು ಆಗಲೇ ಪಡಸಾಲೆಯ ಆ ತುದಿಗೆ ಹೋಗಿತ್ತು. ಮಗಳು ಬೆತ್ತದಿಂದ ನೆಲ ಬಡಿಯುತ್ತಾ ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದಳು. ನಾನು ಹೆಮ್ಮೆಯಿಂದ, “ನೋಡು, ಥೇಟ್ ನಿನ್ನಂಗ ಅದಾಳ. ನಿನಗಿಂತ ಒಂದು ಕೈ ಮ್ಯಾಲೇ,” ಅಂದೆ.

ಆಕೆ ನಗಲಿಲ್ಲ. ಒಳಗಿದ್ದ ಮಕ್ಕಳನ್ನು ನೋಡಿದಳು, ಬೋರ್ಡು ನೋಡಿದಳು, ಮತ್ತೆ ಮಗಳನ್ನು ನೋಡಿದಳು. ರೀ ಉದುರಿಹೋಯಿತು. ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ ಅಂದಳು: “ಲೇ, ನನಗಾದ್ರ ನೀ ಇದ್ದಿ. ಸಂಜಿಮುಂದ ಕೇಳಿದ್ರ ಹೇಳ್ತಿದ್ದಿ. ಈಕಿಗೆ ಯಾರು ಹೇಳ್ತಾರ?”

ಒಬ್ಬಳೇ ಇದ್ದೀನಿ, ಕೆಲಸ ಬಹಳ, ಎಲ್ಲ ನಾಲಗೆಯ ತುದಿಗೆ ಬಂದವು, ಎಲ್ಲವೂ ನಿಜವೇ. ಆಕೆ ಬೈದಿದ್ದರೆ ಚೆನ್ನಾಗಿತ್ತು. ಕೀಲಿಯನ್ನು ಮಗಳ ಕೈಗಿಟ್ಟು, ತಲೆ ಸವರಿ, ಹೊರಟುಹೋದಳು.

ನಾನು ಹೋಗಿ ಹುಡುಗಿಯ ಕೈಯಿಂದ ಬೆತ್ತ ತೆಗೆದುಕೊಂಡೆ. ಸಣ್ಣವರನ್ನೆಲ್ಲ ಒಳಗೆ ಕರೆತಂದು ಗೋಡೆಯ ಬದಿಗೆ ಕೂರಿಸಿದೆ, ಆ ಹುಡುಗಿಯನ್ನು ಮುಂದಿನ ಸಾಲಿಗೆ. ನಾಯಿಗಳ ಲೆಕ್ಕ ಮತ್ತೆ ಮೊದಲಿನಿಂದ ಹೇಳಿದೆ. ಗದ್ದಲವೋ ಗದ್ದಲ, ಯಾರಿಗೂ ಏನೂ ಸರಿಯಾಗಿ ಕೇಳಲಿಲ್ಲ. ಆ ಹುಡುಗಿ ಮಾತ್ರ ತಲೆ ತಗ್ಗಿಸಿ ಕೂತಿದ್ದಳು.

ಶಾಲೆ ಬಿಟ್ಟ ಮೇಲೂ ಹೋಗದೆ ಬಾಗಿಲಲ್ಲಿ ನಿಂತಳು. ಕಣ್ಣು ತುಂಬಿತ್ತು. “ಟೀಚರ್, ನಾ ಏನು ತಪ್ಪು ಮಾಡೀನ್ರಿ? ಬೆತ್ತ ಯಾಕ ಕಸಗೊಂಡ್ರಿ?”

“ನೀನಲ್ಲವ್ವ, ತಪ್ಪು ನಂದು,” ಅಂದೆ. “ಅರ್ಜಿ ಹಾಕಾಕ ಇನ್ನೂ ದಿನ ಅದಾವು. ನಾಳಿಯಿಂದ ನೀನೂ ಮುಂಜಾನಿ ಬೇಗ ಬಾ. ಪರೀಕ್ಷೆಗೆ ನೀನೂ ಕೂಡಬೇಕು.”

ಹುಡುಗಿ ಕೈಯಲ್ಲಿದ್ದ ಕೀಲಿಯನ್ನು ತಿರುವಿದಳು.

“ಹಂಗಾದ್ರ ಸಣ್ಣವ್ರನ್ನ ಯಾರು ನೋಡ್ಕೋಬೇಕ್ರಿ?”

“ಅದು ನನ್ನ ಕೆಲಸವ್ವ,” ಅಂದೆ.

ಆಕೆ ನಂಬಿದಂತೆ ಕಾಣಲಿಲ್ಲ.